ಸೈಟಿಗೆ ಹನ್ನೆರಡು ವರ್ಷ, ಮಗುವಿನ ನೋವಿಗೆ ಮೂರೇ ವರ್ಷ!

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಗಲ್ಲಾ ಮುಂದೆ ಕೂತ ಯಾವ ವ್ಯಾಪಾರಿಯನ್ನಾದರೂ ಕೇಳಿ ನೋಡಿ. ಪ್ರೋನೋಟಿಗೆ ಆಯುಸ್ಸು ಎಷ್ಟು ಸ್ವಾಮಿ ಎಂದರೆ, ತಕ್ಕಡಿಯಿಂದ ಕಣ್ಣು ತೆಗೆಯದೆ 'ಮೂರು ವರ್ಷ' ಎನ್ನುತ್ತಾರೆ. ಮೂರು ವರ್ಷ ತುಂಬುವುದರೊಳಗೆ ಸಾಲಗಾರನನ್ನು ಹಿಡಿದು ಇನ್ನೊಂದು ರುಜು ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ಆ ಚೀಟಿ ಪೊಟ್ಟಣ ಕಟ್ಟುವುದಕ್ಕೆ ಮಾತ್ರ ಎಂಬುದು ಅವರಿಗೆ ಯಾವ ವಕೀಲರೂ ಹೇಳಿಕೊಡಬೇಕಾಗಿಲ್ಲ. ಇಂದಿರಾನಗರದಲ್ಲಿ, ಕೆ.ಆರ್. ಪುರದಲ್ಲಿ ಸೈಟು ಇಟ್ಟುಕೊಂಡವರಿಗೂ ತಮ್ಮ ಲೆಕ್ಕ ಗೊತ್ತು. ಬೇರೆಯವನು ಬೇಲಿ ಹಾಕಿ ಕೂತರೆ ಹನ್ನೆರಡು ವರ್ಷದೊಳಗೆ ದಾವೆ ಹೂಡಬೇಕು. ಅಡಮಾನ ಇಟ್ಟ ಮನೆಯನ್ನು ಬಿಡಿಸಿಕೊಳ್ಳುವುದಕ್ಕಂತೂ ಮೂವತ್ತು ವರ್ಷ ಕಾಲಾವಕಾಶ ಉಂಟು.

ಇನ್ನೊಂದು ಪ್ರಶ್ನೆ ಕೇಳಿ. ಎಂಟು ವರ್ಷದ ಮಗುವಿನ ಮೈಮೇಲೆ ಮನೆಗೆ ಬಂದು ಹೋಗುವ ದೊಡ್ಡವರೊಬ್ಬರು ಕೈ ಹಾಕಿದರು. ಆ ಮಗು ಬೆಳೆದು ದೊಡ್ಡದಾಗಿ, 'ನನಗಾದ ಹಾನಿಗೆ ಇವರು ಪರಿಹಾರ ಕೊಡಲಿ' ಎಂದು ಸಿವಿಲ್ ಕೋರ್ಟಿಗೆ ಹೋಗಬೇಕೆಂದರೆ ಎಷ್ಟು ವರ್ಷದವರೆಗೆ ಹೋಗಬಹುದು? ಈ ಪ್ರಶ್ನೆಗೆ ಅಂಗಡಿಯಲ್ಲೂ ಉತ್ತರವಿಲ್ಲ, ಬಸ್ಸಿನಲ್ಲೂ ಉತ್ತರವಿಲ್ಲ. ಇಂಥ ದಾವೆ ನಮ್ಮಲ್ಲಿ ತೀರಾ ಅಪರೂಪವಾದ್ದರಿಂದ ಮೇಯೋ ಹಾಲ್ ಕೋರ್ಟಿನ ಜಗಲಿಯ ಮೇಲೂ ಈ ಮಾತು ಬರುವುದು ಕಡಿಮೆ.

ಉತ್ತರ ಇಷ್ಟೇ: ಇಪ್ಪತ್ತೊಂದನೆಯ ವಯಸ್ಸಿನವರೆಗೆ. ಆಮೇಲೆ ಬಾಗಿಲು ಬಂದ್.

ಇದನ್ನು ಹೇಳುವುದು 1963ರ ಲಿಮಿಟೇಷನ್ ಕಾಯಿದೆ. 1964ರ ಜನವರಿ 1ರಿಂದ ಜಾರಿಯಲ್ಲಿರುವ ಈ ಕಾಯಿದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಯಾವ ದಾವೆಗೆ ಎಷ್ಟು ವಾಯಿದೆ ಎಂದು ಅದರಲ್ಲಿ ಬರೆದಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಎಂಬ ಮಾತು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಬೇರೆಲ್ಲೂ ಹೇಳದೆ ಉಳಿದ ದಾವೆಗಳಿಗೆಲ್ಲ ಸೇರಿ ಒಂದು ಬಾಬತ್ತು ಉಂಟು, 113ನೆಯದು. ಅದರ ಪ್ರಕಾರ ಮೂರು ವರ್ಷ. ಅಂಗಡಿ ಸಾಲಕ್ಕೆ ಎಷ್ಟೋ ಇದಕ್ಕೂ ಅಷ್ಟೇ! ಕೊಂಚ ದಯೆ ಇರುವುದು 6 ಮತ್ತು 8ನೆಯ ಸೆಕ್ಷನ್ನುಗಳಲ್ಲಿ. ಹಕ್ಕು ಹುಟ್ಟಿದ ದಿನ ವ್ಯಕ್ತಿ ಅಪ್ರಾಪ್ತ ವಯಸ್ಸಿನವನಾಗಿದ್ದರೆ ಗಡಿಯಾರ ಓಡುವುದು ಹದಿನೆಂಟು ತುಂಬಿದ ಮೇಲೆ. ಅಲ್ಲಿಂದಾಚೆಗೆ ಮೂರು ವರ್ಷಕ್ಕಿಂತ ಹೆಚ್ಚಿಲ್ಲ.

ಲೆಕ್ಕ ಹಾಕಿ ನೋಡೋಣ. ಹಲಸೂರಿನ ಹುಡುಗಿಯೊಬ್ಬಳು 2005ರ ಜೂನ್ 10ರಂದು ಹುಟ್ಟಿದಳು ಎಂದು ಇಟ್ಟುಕೊಳ್ಳಿ. ಅವಳಿಗೆ ಆರು ವರ್ಷದಲ್ಲಿ ಅನ್ಯಾಯವಾಗಿರಲಿ, ಹದಿನಾರರಲ್ಲಿ ಆಗಿರಲಿ, ಹದಿನೆಂಟು ತುಂಬುವುದು 2023ರ ಜೂನ್ 10ಕ್ಕೆ, ವಾಯಿದೆ ತೀರುವುದು 2026ರ ಜೂನ್ 10ರ ಹೊತ್ತಿಗೆ. ಮಾರನೆಯ ದಿನ ಅಳುತ್ತಾ ಹೋದರೂ ಅಷ್ಟೆ, ಮುಂದಿನ ವರ್ಷ ಅತಿ ದೊಡ್ಡ ವಕೀಲರನ್ನು ಕರೆದುಕೊಂಡು ಹೋದರೂ ಅಷ್ಟೆ. ಎದುರು ಪಕ್ಷದವರು ವಾಯಿದೆಯ ತಕರಾರು ಎತ್ತದೆ ಸುಮ್ಮನಿದ್ದರೂ ನ್ಯಾಯಾಧೀಶರು ತಾವಾಗಿಯೇ ದಾವೆ ವಜಾ ಮಾಡಬೇಕು ಎಂದು 3ನೆಯ ಸೆಕ್ಷನ್ ಕಟ್ಟಪ್ಪಣೆ ಮಾಡುತ್ತದೆ. ತಡವಾದದ್ದಕ್ಕೆ ಕಾರಣ ಹೇಳಿ ಮಾಫಿ ಕೇಳುವ 5ನೆಯ ಸೆಕ್ಷನ್ ಇದೆಯಲ್ಲ ಎಂದರೆ, ಅದು ಅಪೀಲಿಗೆ ಮತ್ತು ಅರ್ಜಿಗಳಿಗೆ ಮಾತ್ರ. ಮೂಲ ದಾವೆಗೆ ಅನ್ವಯಿಸುವುದಿಲ್ಲ. ಜಡ್ಜ್ ಸಾಹೇಬರಿಗೆ ಕನಿಕರ ಹುಟ್ಟಿದರೂ ಕಲಂ ಓಡುವುದಿಲ್ಲ.

ಇದಕ್ಕಿಂತ ಕಠಿಣವಾದದ್ದು 9ನೆಯ ಸೆಕ್ಷನ್. ಒಮ್ಮೆ ಓಡತೊಡಗಿದ ಗಡಿಯಾರ ಆಮೇಲೆ ಯಾವ ಅಸಹಾಯಕತೆ ಬಂದರೂ ನಿಲ್ಲುವುದಿಲ್ಲ. ಹಳೆಯ ನೋವೇ ಕಾರಣವಾಗಿ ಹತ್ತೊಂಬತ್ತನೆಯ ವಯಸ್ಸಿಗೆ ಹುಡುಗಿ ಮನೋರೋಗಕ್ಕೆ ಬಿದ್ದು ನಿಮ್ಹಾನ್ಸ್ ಸೇರಿದಳು ಎನ್ನಿ. ಆ ಆಸ್ಪತ್ರೆಯ ದಿನಗಳೂ ಮೂರು ವರ್ಷದ ಲೆಕ್ಕಕ್ಕೇ ಜಮಾ. ಬುದ್ಧಿಸ್ಥಿಮಿತ ಇಲ್ಲದವರಿಗೆ ಕಾಯಿದೆ ರಿಯಾಯಿತಿ ಕೊಟ್ಟಿದೆ ನಿಜ, ಆದರೆ ಗಡಿಯಾರ ಶುರುವಾಗುವ ಮೊದಲೇ ಹಾಗಿದ್ದವರಿಗೆ ಮಾತ್ರ. ಹೆದರಿಕೆ, ನಾಚಿಕೆ, ಮನೆಯವರ ಒತ್ತಡ ಇವು ಯಾವುವೂ ಆ ಪಟ್ಟಿಯಲ್ಲಿಲ್ಲ.

ಬಾಯಿ ಬಿಡುವುದು ಯಾವಾಗ?

ಸಾಲ ಕೊಟ್ಟವನಿಗೆ ಸಾಲ ಕೊಟ್ಟದ್ದು ಗೊತ್ತಿರುತ್ತದೆ. ಮಗುವಿನ ವಿಷಯ ಹಾಗಲ್ಲ. ತನಗೆ ಆದದ್ದು ಏನೆಂದು ತಿಳಿಯುವುದಕ್ಕೇ ಅದಕ್ಕೆ ವರ್ಷಗಳು ಬೇಕು, ತಿಳಿದ ಮೇಲೆ ಹೇಳುವುದಕ್ಕೆ ಇನ್ನಷ್ಟು ವರ್ಷ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದವರು ನೂರಕ್ಕೆ 53.22. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲೇ ಇಲ್ಲ. ಅತ್ಯಾಚಾರದ ಪೋಕ್ಸೋ ಮೊಕದ್ದಮೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಬೀದಿಯ ಪುಂಡನಿಗಿಂತ ಚಿಕ್ಕಪ್ಪ, ಮನೆಪಾಠದ ಮೇಷ್ಟ್ರು, ಪಕ್ಕದ ಮನೆಯವರು, ವ್ಯಾನು ಡ್ರೈವರು, ಹಾಸ್ಟೆಲಿನ ಮೇಲ್ವಿಚಾರಕರು ಇಂಥವರ ಕಡೆಯಿಂದಲೇ ಭಯ ಹೆಚ್ಚು.

ಇನ್ನು ಹದಿನೆಂಟರಿಂದ ಇಪ್ಪತ್ತೊಂದು ಎಂದರೆ ನಮ್ಮ ಕಡೆಯ ಹುಡುಗ ಹುಡುಗಿಯರ ಪಾಲಿಗೆ ಎಂಥ ಕಾಲ? ಡಿಗ್ರಿ ಓದುವ ಕಾಲ. ಫೀಸು ಕಟ್ಟುವವರು ಅಪ್ಪ, ಊಟ ಹಾಕುವವರು ಅಮ್ಮ, ಹಬ್ಬಕ್ಕೆ ಮನೆಗೆ ಬಂದು ಎಲೆಯ ಮುಂದೆ ಕೂರುವವನು ಅದೇ ಮಹಾಶಯ. ಹುಡುಗಿಯಾದರೆ ಗಂಡು ನೋಡುವ ಮಾತೂ ಅದೇ ಹೊತ್ತಿಗೆ ಶುರು. 'ಈಗ ಇದನ್ನೆಲ್ಲ ಎತ್ತಬೇಡ ಕಣಮ್ಮ, ತಂಗಿಗೂ ಮದುವೆ ಆಗಬೇಕು' ಎನ್ನುವ ತಾಯಿಯನ್ನು ಬಯ್ಯುವುದು ಸುಲಭ, ಆ ತಾಯಿಗೂ ಹೆದರಿಕೆ ಇದೆ. ಕೈಯಲ್ಲಿ ಸ್ವಂತ ಸಂಬಳ ಬಂದು, ಬೇರೆ ಮನೆ ಮಾಡಿ, ಬೆನ್ನಿಗೆ ನಿಲ್ಲುವ ಸ್ನೇಹಿತರೋ ಸಂಗಾತಿಯೋ ಸಿಕ್ಕಿ ಧೈರ್ಯ ಬರುವಷ್ಟರಲ್ಲಿ ಮೂವತ್ತು ದಾಟಿರುತ್ತದೆ. ಕಾಯಿದೆ ಬಾಗಿಲು ಹಾಕಿ ಒಂಬತ್ತು ವರ್ಷವಾಗಿರುತ್ತದೆ.

ಮಗು ಚಿಕ್ಕದಾಗಿರುವಾಗಲೇ ದಾವೆ ಹಾಕಬಹುದಲ್ಲ ಎಂದು ಕೇಳುವವರುಂಟು. ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆರ್ಡರಿನ ಪ್ರಕಾರ ಮಗುವಿನ ಪರವಾಗಿ ದೊಡ್ಡವರೊಬ್ಬರು 'ನೆಕ್ಸ್ಟ್ ಫ್ರೆಂಡ್' ಆಗಿ ನಿಲ್ಲಬಹುದು. ಅವರು ಅಪ್ಪನೋ ಅಮ್ಮನೋ ಆಗಿರಲೇಬೇಕೆಂದಿಲ್ಲ. ಬುದ್ಧಿ ನೆಟ್ಟಗಿದ್ದು, ಮಗುವಿನ ಹಿತಕ್ಕೆ ವಿರುದ್ಧವಾದ ಹಿತ ಇಲ್ಲದ ಅತ್ತೆಯೋ ಸೋದರಮಾವನೋ ಆದರೂ ನಡೆಯುತ್ತದೆ. ಆದರೆ ತಪ್ಪು ಮಾಡಿದವನು ಮನೆಯೊಳಗಿನವನೇ ಆದಾಗ ಮುಂದೆ ಬರುವ ಧೈರ್ಯ ಎಷ್ಟು ಅತ್ತೆಯರಿಗೆ ಇದೆ?

2014ರ ಜುಲೈ ತಿಂಗಳು ಈ ಕಡೆಯವರಿಗೆ ಮರೆತಿರಲಾರದು. ವರ್ತೂರು ಠಾಣೆ ವ್ಯಾಪ್ತಿಯ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆದಿದೆ ಎಂಬ ದೂರು ದಾಖಲಾಗಿ, ಮಾರತಹಳ್ಳಿ ಕಡೆ ತಂದೆ ತಾಯಿಯರು ಬೀದಿಗಿಳಿದರು. ಗದ್ದಲ ಎಷ್ಟಾಯಿತೆಂದರೆ ಆ ತಿಂಗಳೇ ನಗರದ ಪೊಲೀಸ್ ಕಮೀಷನರ್ ರಾಘವೇಂದ್ರ ಔರಾದಕರ್ ಅವರ ವರ್ಗಾವಣೆಯಾಗಿ ಎಂ.ಎನ್. ರೆಡ್ಡಿ ಬಂದರು. ಶಾಲೆಗಳಲ್ಲಿ ಕ್ಯಾಮೆರಾ, ಸಿಬ್ಬಂದಿಯ ಪೂರ್ವಾಪರ ವಿಚಾರಣೆ ಎಂದು ಎಲ್ಲೆಡೆ ಮಾತಾಯಿತು. ಇಂಥ ಹೊತ್ತಿನಲ್ಲೆಲ್ಲ ಜನರ ಬಾಯಲ್ಲಿ ಬರುವುದು ಅರೆಸ್ಟು, ಜೈಲು, ನೇಣು. ಮಕ್ಕಳ ಸಿವಿಲ್ ಹಕ್ಕಿನ ಮಾತು, ಅದರ ವಾಯಿದೆಯ ಮಾತು ಎತ್ತುವವರಿಲ್ಲ. ಆ ವರ್ಷ ಒಂದನೆಯ ಕ್ಲಾಸಿನಲ್ಲಿದ್ದ ಈ ಭಾಗದ ಯಾವ ಮಗುವೇ ಆಗಲಿ, 2026ರ ಆಸುಪಾಸಿಗೆ ಹದಿನೆಂಟು, 2029ರ ಆಸುಪಾಸಿಗೆ ಇಪ್ಪತ್ತೊಂದು. ಅಷ್ಟರಲ್ಲಿ ಅದಕ್ಕೆ ವಾಯಿದೆಯ ಸಂಗತಿ ಯಾರಾದರೂ ಹೇಳಿರಬೇಕು.

ಪೊಲೀಸ್ ದೂರಿಗೆ ಬೇರೆ ಲೆಕ್ಕ

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಜನ ಎರಡನ್ನೂ ಕಲಸಿಬಿಡುತ್ತಾರೆ. ಮೇಲೆ ಹೇಳಿದ್ದೆಲ್ಲ ಪರಿಹಾರದ ದಾವೆಯ ಮಾತು. ಠಾಣೆಗೆ ಹೋಗಿ ಕ್ರಿಮಿನಲ್ ದೂರು ಕೊಡುವುದಕ್ಕೆ ಬೇರೆ ನಿಯಮ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಿಗೆ ಕಾಲಮಿತಿಯೇ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 468ನೆಯ ಸೆಕ್ಷನ್ನಿನಲ್ಲಿ ಇದ್ದದ್ದು ಇದೇ, 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯ 514ರಲ್ಲಿ ಇರುವುದೂ ಇದೇ. ಪೋಕ್ಸೋ ಕಾಯಿದೆ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ ಜಾರಿಗೆ ಬಂತು. ಅದರ ದೊಡ್ಡ ಅಪರಾಧಗಳೆಲ್ಲ ಕಾಲಮಿತಿಯ ಆಚೆಗಿವೆ. ಚೆನ್ನೈನಲ್ಲಿ ಬೆಳೆದು ಕೆನಡಾದಲ್ಲಿ ನೆಲೆಸಿದ ಮಹಿಳಾ ವಿಜ್ಞಾನಿಯೊಬ್ಬರು ಬಾಲ್ಯದಲ್ಲಿ ತಮಗಾದ ದೌರ್ಜನ್ಯದ ಬಗ್ಗೆ ದಶಕಗಳ ನಂತರ ದೂರು ಕೊಡಲು ಹೊರಟು, ತುಂಬ ಅಲೆದಾಡಿ ದೊಡ್ಡ ಆಂದೋಲನವನ್ನೇ ನಡೆಸಿದ ಮೇಲೆ, 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಮಾತನ್ನು ಸ್ಪಷ್ಟಪಡಿಸಿತು. ಆಗ ಸಚಿವೆಯಾಗಿದ್ದವರು ಮೇನಕಾ ಗಾಂಧಿ.

ಹಾಗೆಂದು ಎಲ್ಲಕ್ಕೂ ಬಾಗಿಲು ತೆರೆದಿದೆ ಎಂದುಕೊಳ್ಳಬಾರದು. 2012ಕ್ಕೆ ಹಿಂದೆ ನಡೆದದ್ದಕ್ಕೆ ಪೋಕ್ಸೋ ಅನ್ವಯಿಸದು, ಆಗಿನ ಭಾರತೀಯ ದಂಡ ಸಂಹಿತೆಯೇ ಗತಿ. ಆಗ ಅತ್ಯಾಚಾರಕ್ಕೂ, ಗಂಡು ಮಕ್ಕಳಿಗಾದರೆ 377ನೆಯ ಸೆಕ್ಷನ್ನಿಗೂ ಕಾಲಮಿತಿ ಇರಲಿಲ್ಲ. ಆದರೆ ಬಾಲಕಿಯ ಮೈಮುಟ್ಟಿದ ಅಪರಾಧ 354ರ ಕೆಳಗೆ ಬರುತ್ತಿತ್ತು. 2013ರ ತಿದ್ದುಪಡಿಗೆ ಮುಂಚೆ ಅದಕ್ಕೆ ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ, ಆದ್ದರಿಂದ ದೂರಿಗೆ ಮೂರೇ ವರ್ಷದ ಗಡುವು. ತಡವನ್ನು ಮನ್ನಿಸುವ ಅಧಿಕಾರ ಇಲ್ಲಿ ಮ್ಯಾಜಿಸ್ಟ್ರೇಟರಿಗೆ ಇದೆ, ಸಿವಿಲ್ ಜಡ್ಜಿಗೆ ಇಲ್ಲದ ಅಧಿಕಾರ.

ಅಪರಾಧಿ ಜೈಲಿಗೆ ಹೋದರೆ ಸಾಕಲ್ಲ, ದುಡ್ಡು ಯಾಕೆ ಎಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಹೇಳುವವರು ಬಹಳ ಮಂದಿ. ಪರಿಹಾರ ತೆಗೆದುಕೊಂಡರೆ ಮಾನ ಮಾರಿಕೊಂಡಂತೆ ಎನ್ನುವವರೂ ಇದ್ದಾರೆ. ಬಸ್ಸು ಗುದ್ದಿ ಕಾಲು ಮುರಿದವರು ಇದೇ ಮೇಯೋ ಹಾಲ್ ಆವರಣದಲ್ಲಿ ಮೋಟಾರು ಅಪಘಾತದ ಪರಿಹಾರ ತೆಗೆದುಕೊಂಡಾಗ ಯಾರೂ ಹಾಗೆ ಆಡುವುದಿಲ್ಲ. ಮನಸ್ಸಿನ ಡಾಕ್ಟರ ಹತ್ತಿರ ವಾರ ವಾರ ಹೋಗಬೇಕು, ನಿದ್ದೆ ಬಾರದ ರಾತ್ರಿಗಳಿಗೆ ಮಾತ್ರೆ ಬೇಕು, ಅರ್ಧಕ್ಕೆ ನಿಂತ ಓದನ್ನು ಮತ್ತೆ ಹಿಡಿಯಬೇಕು. ಇವುಗಳ ಖರ್ಚು ಯಾರ ತಲೆಗೆ? ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಿವಿಲ್ ಕೋರ್ಟಿನಲ್ಲಿ ಯಾರ ಮಾತು ಹೆಚ್ಚು ನಂಬಲರ್ಹ ಎಂದು ತೂಗಿ ನೋಡಿದರೆ ಸಾಕು. ಮುಖ್ಯವಾಗಿ, ಕಣ್ಣು ಮುಚ್ಚಿ ಕೂತ ಶಾಲೆ, ಹಾಸ್ಟೆಲು, ಟ್ಯೂಷನ್ ಸಂಸ್ಥೆಗಳನ್ನೂ ಪ್ರತಿವಾದಿಗಳಾಗಿ ಎಳೆಯಬಹುದು. ಕಿಸೆಗೆ ಕತ್ತರಿ ಬಿದ್ದರೆ ಆಡಳಿತ ಮಂಡಳಿಗಳಿಗೆ ಬುದ್ಧಿ ಬರುವಷ್ಟು ಭಾಷಣದಿಂದ ಬರುವುದಿಲ್ಲ.

ಕಷ್ಟಗಳೂ ಇವೆ. ಕೇಳುವ ಮೊತ್ತಕ್ಕೆ ತಕ್ಕ ಕೋರ್ಟು ಫೀ ಕಟ್ಟಬೇಕು; ಕೈಲಾಗದವರು ಬಡವರೆಂದು ಅರ್ಜಿ ಹಾಕಿ ವಿನಾಯಿತಿ ಕೇಳಬಹುದು. ಇನ್ನೊಂದು ವಿಚಿತ್ರ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 306ನೆಯ ಸೆಕ್ಷನ್. ಮೈಮೇಲೆ ಮಾಡಿದ ಹಲ್ಲೆ, ದೇಹಕ್ಕಾದ ಹಾನಿಯ ಹಕ್ಕು ಅಪರಾಧಿ ಸತ್ತರೆ ಅವನೊಂದಿಗೇ ಸಾಯುತ್ತದೆ, ಅವನ ಆಸ್ತಿಯ ಮೇಲೆ ದಾವೆ ನಡೆಯದು. ಅವನು ಮಾಡಿದ ಸಾಲಕ್ಕಾದರೆ ಆಸ್ತಿ ಜವಾಬು!

ಪರದೇಶದ ಕಥೆ

ದಂಡಿನ ಕಡೆಯ ಆಂಗ್ಲೋ ಇಂಡಿಯನ್ ಕುಟುಂಬಗಳ ಎಷ್ಟೋ ನೆಂಟರು ಪರ್ತ್, ಮೆಲ್ಬರ್ನ್‌ಗಳಲ್ಲಿ ನೆಲೆಸಿದ್ದಾರೆ. ಅಲ್ಲಿ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯ 2015ರಲ್ಲೇ ಮಕ್ಕಳ ಮೇಲಿನ ದೌರ್ಜನ್ಯದ ಸಿವಿಲ್ ದಾವೆಗೆ ಕಾಲಮಿತಿಯನ್ನೇ ಕಿತ್ತುಹಾಕಿತು. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇದು 2018ರಲ್ಲಿ ಆಯಿತು. ಅಲ್ಲಿ ಶಾಲೆ ಕಲಿತವರು ಅರವತ್ತನೆಯ ವಯಸ್ಸಿನಲ್ಲಿ ಕೋರ್ಟಿಗೆ ಹೋಗಬಹುದು. ಅವರದೇ ದಾಯಾದಿ ರಿಚರ್ಡ್ಸ್ ಟೌನಿನಲ್ಲಿ ಉಳಿದಿದ್ದರೆ ಇಪ್ಪತ್ತೆರಡಕ್ಕೇ ತಡವಾಯಿತು. ಕೆನಡಾದ ಸುಪ್ರೀಂ ಕೋರ್ಟು 1992ರಲ್ಲೇ, ತನ್ನ ಈಗಿನ ತೊಂದರೆಗೂ ಬಾಲ್ಯದ ಆ ಕೃತ್ಯಕ್ಕೂ ಸಂಬಂಧ ಇದೆಯೆಂದು ನೊಂದವರಿಗೆ ಮನದಟ್ಟಾಗುವವರೆಗೆ ಗಡಿಯಾರ ಓಡುವುದಿಲ್ಲ ಎಂದು ತೀರ್ಪಿತ್ತಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ, ಹಳೆಯ ಕಾಲದ ವಾಯಿದೆ ಮೀರಿದ ದೂರುಗಳಿಗೂ ಸ್ವಲ್ಪ ಕಾಲ ಕಿಟಕಿ ತೆರೆದಿಟ್ಟಿತು. 2021ರ ಆಗಸ್ಟಿನಲ್ಲಿ ಅದನ್ನು ಮುಚ್ಚುವಷ್ಟರಲ್ಲಿ ಬಂದ ದಾವೆಗಳು ಹತ್ತು ಸಾವಿರಕ್ಕೂ ಮೇಲೆ.

ಎಷ್ಟೋ ವರ್ಷದ ಮೇಲೆ ಸಾಕ್ಷ್ಯ ಎಲ್ಲಿ ತರುವುದು, ನಿರಪರಾಧಿಯ ಮೇಲೆ ದ್ವೇಷದ ದಾವೆ ಬಿದ್ದರೆ ಗತಿಯೇನು ಎಂಬ ಆಕ್ಷೇಪಣೆ ಸುಳ್ಳಲ್ಲ. ಆದರೆ ಸಾಕ್ಷ್ಯ ಸಾಲದಿದ್ದರೆ ದಾವೆ ಸೋಲುತ್ತದೆ, ಅಷ್ಟೇ ತಾನೆ? ಅದಕ್ಕಾಗಿ ಬಾಗಿಲಲ್ಲೇ ತಡೆಯಬೇಕಾಗಿಲ್ಲ. ಅಡಮಾನದ ಮನೆಗೆ ಮೂವತ್ತು ವರ್ಷದ ಹಳೆಯ ಕಾಗದ ಸಾಕ್ಷಿಯಾಗಬಹುದಾದರೆ ಮನುಷ್ಯರ ಬಾಯಿಮಾತಿಗೆ ಮಾತ್ರ ಯಾಕೆ ಇಷ್ಟು ಅವಸರ? ಗಡಿಯಾರ ನಿಲ್ಲಿಸಲು ಬರುವುದೇ ಇಲ್ಲ ಎಂದೇನೂ ಇಲ್ಲ. ಕೊರೋನಾ ಬಂದಾಗ ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ವಾಯಿದೆಯ ಲೆಕ್ಕದಿಂದಲೇ ತೆಗೆದುಹಾಕಿತು. ಜನ ಮನೆಯಿಂದ ಹೊರಗೆ ಬರಲಾರರು ಎಂಬುದು ಕಾರಣ. ಆ ಕಾರಣ ಇಲ್ಲಿಗೂ ಹೊಂದುತ್ತದೆ.

ಈಗ ಇರುವ ದಾರಿ

ಇಪ್ಪತ್ತೊಂದು ದಾಟಿದವರಿಗೆ ಎಲ್ಲ ಮುಗಿಯಿತು ಎಂದಲ್ಲ. 2012ರ ನವೆಂಬರ್ ನಂತರ ನಡೆದ ಗಂಭೀರ ಅಪರಾಧವಾದರೆ ಮೂವತ್ತಕ್ಕೂ ಠಾಣೆಗೆ ಹೋಗಬಹುದು, ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು. ಪೋಕ್ಸೋ ವಿಶೇಷ ನ್ಯಾಯಾಲಯಕ್ಕೆ ಪರಿಹಾರ ಕೊಡಿಸುವ ಅಧಿಕಾರ ಉಂಟು. 2020ರ ನಿಯಮಗಳಂತೆ ಆರೋಪಿ ಬಿಡುಗಡೆಯಾದರೂ, ಸಿಕ್ಕದೇ ಹೋದರೂ ಕೊಡಿಸಬಹುದು, ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಪಾವತಿ ಮಾಡಬೇಕು. ಮೊತ್ತಕ್ಕೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಯೋಜನೆಯನ್ನು ಮಾರ್ಗಸೂಚಿಯಾಗಿ ನೋಡಬೇಕೆಂದು ಸುಪ್ರೀಂ ಕೋರ್ಟು ನಿಪುಣ್ ಸಕ್ಸೇನಾ ಮೊಕದ್ದಮೆಯಲ್ಲಿ ಹೇಳಿದೆ. ಅದರಲ್ಲಿ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ ರೂಪಾಯಿ, ನೊಂದವರು ಅಪ್ರಾಪ್ತರಾದರೆ ಇನ್ನೂ ಅರ್ಧದಷ್ಟು ಹೆಚ್ಚು. ಇಲ್ಲೂ ಅರ್ಜಿಗೆ ಮೂರು ವರ್ಷದ ಗಡುವು ಇದೆ. ಆದರೆ ಅದನ್ನು ಕೃತ್ಯ ನಡೆದ ದಿನದಿಂದಷ್ಟೇ ಅಲ್ಲ, ವಿಚಾರಣೆ ಮುಗಿದ ದಿನದಿಂದಲೂ ಎಣಿಸಬಹುದು, ಸಕಾರಣವಿದ್ದರೆ ತಡವನ್ನೂ ಮನ್ನಿಸಬಹುದು. ಕೊಡುವುದು ಸರ್ಕಾರದ ಬೊಕ್ಕಸವೇ ಹೊರತು ತಪ್ಪಿತಸ್ಥನ ಕಿಸೆಯಲ್ಲ, ಅದು ಬೇರೆ ಮಾತು.

ಹದಿನೆಂಟರಿಂದ ಇಪ್ಪತ್ತೊಂದರ ನಡುವೆ ಇರುವವರು ಮಾತ್ರ ದಿನ ಎಣಿಸಬೇಕು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ, ಹದಿನೆಂಟರೊಳಗಿನ ಮಕ್ಕಳಿಗೂ ಹಾಗೆಯೇ. ಹದಿನೆಂಟು ದಾಟಿದ ಹುಡುಗರಿಗೆ ಸಾಮಾನ್ಯವಾಗಿ ಆದಾಯದ ಮಿತಿ ನೋಡುತ್ತಾರೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆ ಮಿತಿ ಇಲ್ಲ. ಕಾನೂನು ನೆರವಿನ ಟೆಲಿಫೋನ್ 15100, ಈಗಲೂ ಮಗುವಾಗಿರುವವರಿಗೆ 1098. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ವಯಸ್ಸಿನ ರುಜುವಾತಿಗೆ ಜನನ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಚಿಕಿತ್ಸೆ ಪಡೆದಿದ್ದರೆ ಆಸ್ಪತ್ರೆ ಚೀಟಿಗಳು, ಯಾರಿಗಾದರೂ ಬರೆದ ಕಾಗದ, ಮೊಬೈಲಿನ ಸಂದೇಶ ಇವನ್ನೆಲ್ಲ ಜೋಪಾನವಾಗಿಟ್ಟುಕೊಂಡು ಹೋಗಬೇಕು. ಖಾಸಗಿ ವ್ಯಕ್ತಿಗೆ ವಕೀಲರ ನೋಟೀಸು ಕೊಟ್ಟ ಮಾತ್ರಕ್ಕೆ ವಾಯಿದೆ ಮುಂದೆ ಹೋಗುವುದಿಲ್ಲ, ದಾವೆಯೇ ದಾಖಲಾಗಬೇಕು. ಕೊನೆಯ ದಿನ ಕೋರ್ಟಿಗೆ ರಜೆಯಾದರೆ ಮತ್ತೆ ಬಾಗಿಲು ತೆರೆದ ದಿನ ಸಲ್ಲಿಸಬಹುದೆಂದು 4ನೆಯ ಸೆಕ್ಷನ್ ಹೇಳುತ್ತದೆ. ಆ ಒಂದು ದಿನ ಮಾತ್ರ, ಮರುದಿನ ಅಲ್ಲ.